ತೂಕದ ಕಟ್ಟೆ

ಇಪ್ಪತ್ತು ಕಿಲೋಗಿಂತ ಕಮ್ಮಿ ಇದ್ದದ್ದು
ಈ ಯಂತ್ರಕ್ಕೆ ಕಾಣುವುದಿಲ್ಲ.
ಕೋಳಿ ಹತ್ತಿ ಇಳಿದರೂ ಸೊನ್ನೆ,
ನೆನೆದ ನಾಯಿ ಬಂದು ಮಲಗಿದರೂ ಸೊನ್ನೆ.
ನನಗಿಂತ ಮೊದಲಿದ್ದ ತಾಳಿಕೋಟೆಯ ಹಳಬ
ಕೀಲಿಕೈ ಕೊಡುವಾಗ ಹೇಳಿದ್ದ:
"ಸೊನ್ನೆ ಅಂದ್ರ ಏನೂ ಇಲ್ಲ ಅಂತಲ್ಲೋ ಬಸಲಿಂಗ,
ಲೆಕ್ಕಕ್ಕ ಇಲ್ಲ ಅಂತ."

ಹನ್ನೊಂದು ವರ್ಷ. ಸಾಂಗೆ ತಾಲೂಕು, ಕೊಳಂಬಗಾಳದ ತಿರುವು,
ತಗಡಿನ ಕೋಣೆ, ಒಂದು ಕಿಟಕಿ, ಕೆಂಪು ಅಂಕಿಗಳ ಡಬ್ಬಿ.
ಗುಡ್ಡ ಈ ಕಿಟಕಿಯ ಮುಂದೆಯೇ ಹಾದುಹೋಗಿದೆ
ಹತ್ತು ಹತ್ತು ಟನ್ನಾಗಿ, ತಾಡಪತ್ರಿ ಹೊದ್ದು,
ಜೆಟ್ಟಿಗೆ, ಜೆಟ್ಟಿಯಿಂದ ಬಾರ್ಜು, ಬಾರ್ಜಿನಿಂದ ಹಡಗು.
ಹಡಗಿನಾಚೆ ನನಗೆ ಗೊತ್ತಿಲ್ಲ.
ಬಿಳಿ ಚೀಟಿ ಕಂಪನಿಗೆ, ಹಳದಿ ಡ್ರೈವರಿಗೆ,
ಗುಲಾಬಿ ಪುಸ್ತಕದಲ್ಲೇ ಉಳಿಯಬೇಕು.
ಗುಲಾಬಿಗಳನ್ನೆಲ್ಲ ಒಂದರ ಮೇಲೊಂದು ಒಟ್ಟಿದ್ದರೆ
ಗುಡ್ಡದ ಮೊಣಕಾಲಿಗಾದರೂ ಬರುತ್ತಿತ್ತು,
ಗೆದ್ದಲು ಬಿಟ್ಟಿದ್ದರೆ.

ಗುಡ್ಡ ಯಾರದು ಎಂದು ಕೇಳಿದವನಲ್ಲ ನಾನು.
ಪೋರ್ತುಗೀಸರ ಕಾಲದ ಕಾಗದವಿದೆಯಂತೆ,
ಭಾಟಕಾರರ ಅಜ್ಜನ ಹೆಸರಿಗೆ, ಅರಗಿನ ಮುದ್ರೆ ಸಮೇತ.
ಓದಬಲ್ಲವರು ಊರಲ್ಲಿ ಒಬ್ಬರೂ ಉಳಿದಿಲ್ಲ,
ಹಾಗಾಗಿ ಅದು ಹೇಳಿದ್ದೆಲ್ಲ ನಿಜ.
ಮೊಮ್ಮಗ ಈಗ ಆಮದಾರ.
ಚೌತಿಗೆ ಮನೆಮನೆಗೂ ಸಕ್ಕರೆ, ತೆಂಗಿನಕಾಯಿ,
ಓಟು ಬೀಳದ ವಾಡೆಗೆ ಬೇಸಿಗೆಯಲ್ಲಿ ಟ್ಯಾಂಕರಿಲ್ಲ.
ನನಗೂ ಕೊಟ್ಟಿದ್ದಾರೆ: ಕೊಮುನಿದಾದ್ ಜಾಗದಲ್ಲಿ ಎರಡು ಕೋಣೆ,
ಮತಪಟ್ಟಿಯಲ್ಲಿ ಹೆಸರು, ಕರೆಂಟು.
ಪಟ್ಟೆ ಮಾತ್ರ ಕೊಟ್ಟಿಲ್ಲ.
ಪಟ್ಟೆ ಸಿಕ್ಕ ಘಾಟಿ
ಕೃತಜ್ಞತೆ ಮರೆಯುತ್ತಾನೆಂದು ಅವರಿಗೆ ಗೊತ್ತು.

ದಸರೆ ಮುಗಿದು ಲಾರಿ ಮತ್ತೆ ಶುರುವಾದ ವಾರ
ಸತ್ಯವತಿ ವೇಳಿಪ ಬಂದಳು. ತಲೆಯ ಮೇಲೆ ಬುಟ್ಟಿ.
ಕಟ್ಟೆಯ ನಟ್ಟನಡುವೆ ಅದನ್ನಿಳಿಸಿ, ತಾನು ಕೆಳಗಿಳಿದು
"ಹೆಂ ತುಮ್ಚೆಂ. ವಜನ್ ಕರ್" ಅಂದಳು.
ಮಳೆಗೆ ಡಂಪಿನಿಂದ ಜಾರಿ ಗದ್ದೆಗಿಳಿದ ಮಣ್ಣು,
ಪೈರಿನ ಕುತ್ತಿಗೆಯ ತನಕ, ಝರಿಯ ಬಾಯೊಳಗೆ.
ನಿಮ್ಮದು ನಿಮಗೆ. ರಸೀದಿ ಕೊಡು.
ಹಿಂದೆ ಏಳು ಲಾರಿ ಹಾರನ್ ಬಡಿಯುತ್ತಿದ್ದವು.
ನಾನು ಡಬ್ಬಿ ತೋರಿಸಿದೆ.
ಅವಳು ಬುಟ್ಟಿ ನೋಡಿದಳು, ಸೊನ್ನೆ ನೋಡಿದಳು, ನನ್ನನ್ನು ನೋಡಿದಳು.
ನಮ್ಮ ಕಡೆ ರಾಶಿ ಅಳೆಯುವಾಗ
ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ.
ಸೊನ್ನೆಗೆ ಏನನ್ನಬೇಕೋ ಯಾರೂ ಕಲಿಸಿರಲಿಲ್ಲ.

ಮರುದಿನ ಅವಳ ಹಿಂದೆ ವಾಡೆಗೆ ವಾಡೆಯೇ.
ಬುಟ್ಟಿ, ಕೊಡ, ಗಮೇಲ, ಒಬ್ಬ ಹುಡುಗನ ಶಾಲೆಚೀಲ,
ಎಲ್ಲದರಲ್ಲೂ ಅದೇ ಕೆಂಪು.
ಮೂವತ್ತೆಂಟು ಜನ ಕಟ್ಟೆ ಹತ್ತಿ ನಿಂತರು.
ಘೋಷಣೆ ಇಲ್ಲ. ಒಬ್ಬ ಮುದುಕ ಬೀಡಿ ಹಚ್ಚಿದ.
ಅಂಕಿ ಓಡಿತು, ನಡುಗಿತು, ನಿಂತಿತು:
೨೬೬೦.

ವಾಹನ ಸಂಖ್ಯೆ: ಖಾಲಿ ಬಿಟ್ಟೆ.
ಮಾಲು: ಮಣ್ಣು ಎಂದು ಬರೆದೆ, ಆಮೇಲೆ 'ಮತ್ತು ಜನ'.
ಮಾಲೀಕರು: ಅಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಹಳದಿ ಹರಿದು ಕೊಟ್ಟೆ.
ಅವಳು ಅದನ್ನು ಸೆರಗಿಗೆ ಕಟ್ಟಿಕೊಂಡು,
"ನಿನ್ನ ಎರಡು ಕೋಣೆಯೂ ನಮ್ಮ ಜಾಗದಲ್ಲೇ ಇವೆ,
ಗೊತ್ತಲ್ಲ?" ಅಂದಳು.
ಸಂಜೆ ಫೋನು ಬಂತು. ಆಮದಾರರ ಮನುಷ್ಯ.
ಅವನು ಕೇಳಿದ್ದೂ ಅದನ್ನೇ.

ಅವರೆಲ್ಲ ಇಳಿದು ಹೋದಮೇಲೂ
ಡಬ್ಬಿಯಲ್ಲಿ ಇಪ್ಪತ್ತು ಉಳಿದಿತ್ತು,
ಕಾಲಿಂದ ಕಟ್ಟೆಗೆ ಮೆತ್ತಿಕೊಂಡದ್ದು.
ಸೊನ್ನೆ ಮಾಡುವ ಗುಂಡಿಯಿದೆ. ಒತ್ತಲಿಲ್ಲ.
ಇದರಿಂದ ಏನೂ ಆಗುವುದಿಲ್ಲ, ನನಗೆ ಗೊತ್ತು:
ಖಾಲಿ ಲಾರಿಗೂ ಇಪ್ಪತ್ತು, ತುಂಬಿದ್ದಕ್ಕೂ ಇಪ್ಪತ್ತು,
ಕಳೆದರೆ ನಿವ್ವಳ ಅಷ್ಟೇ.
ಆದರೂ ಆ ದಿನ ಕತ್ತಲಾಗುವ ತನಕ
ಒಂದು ಲಾರಿ ಹೋಗಿ ಇನ್ನೊಂದು ಬರುವ ನಡುವೆ
ಕಟ್ಟೆ ಖಾಲಿ ಇರಲಿಲ್ಲ.